ಹತ್ತು ಮಂದಿಯ ಸಾಕ್ಷಿ

ಓದಲು ಕೂತರೆ ನನ್ನ ಬಲಗಾಲು ತಾನೇ ಕುಣಿಯಲು ಶುರು ಮಾಡುತ್ತಿತ್ತು. "ಕಾಲು ಕುಣಸಬ್ಯಾಡೋ, ಮನಿಗೆ ಒಳ್ಳೇದಲ್ಲ" ಎಂದು ಅವ್ವ ಒಲೆಯ ಮುಂದಿನಿಂದಲೇ ಗದರುತ್ತಿದ್ದಳು. ಅರವತ್ತರ ದಶಕದ ನಡುವಿನ ಒಂದು ಬೇಸಿಗೆ. ಬಿ.ಎ. ಕೊನೆಯ ವರ್ಷದ ಪರೀಕ್ಷೆಗೆ ಓದಿಕೊಳ್ಳಲಿ ಎಂದು ಧಾರವಾಡದ ಕಾಲೇಜು ರಜೆ ಕೊಟ್ಟಿತ್ತು. ಟ್ರಂಕಿನ ತುಂಬ ಪುಸ್ತಕ ಹೇರಿಕೊಂಡು ದಾಂಡೇಲಿಗೆ ಬಂದಿದ್ದೆ. ಬಂದು ಓದಿದ್ದೆಷ್ಟು ಎಂದು ಮಾತ್ರ ಕೇಳಬೇಡಿ. ನಮ್ಮ ಮನೆ ಇದ್ದದ್ದು ಕಾಗದದ ಮಿಲ್ಲಿನ ಕೆಲಸಗಾರರ ಓಣಿಯಲ್ಲಿ. ಎಂಟು ತಾಸಿಗೊಮ್ಮೆ ಭೋಂಗಾ ಕೂಗಿ ಒಂದು ಪಾಳಿ ಒಳಗೆ, ಒಂದು ಪಾಳಿ ಹೊರಗೆ, ಓಣಿ ತುಂಬ ಸೈಕಲ್ಲು. ಪುಸ್ತಕ ತೆರೆದಿಟ್ಟುಕೊಂಡು ಯಾರು ಹೋದರು, ಯಾರು ಬಂದರು ಎಂದು ನೋಡುತ್ತ ಕೂತಿರುತ್ತಿದ್ದೆ. ನಾನು ಕಾಯುತ್ತಿದ್ದದ್ದು ಸಂಜೆಯನ್ನು. ಸಂಜೆಯಾದರೆ ಹಾಕಿ.

ನಮ್ಮ ತಂಡಕ್ಕೆ ಹೇಳಿಕೊಳ್ಳುವಂಥ ಹೆಸರಿರಲಿಲ್ಲ, ಹೇಳಿಕೊಳ್ಳುವಂಥ ಆಟವೂ ಇರಲಿಲ್ಲ. ಕಟ್ಟಿಗೆ ಡಿಪೋದವರು, ಗ್ಯಾರೇಜಿನವರು, ಮಿಲ್ಲಿಗೆ ಬರುವ ಬಿದಿರು ಇಳಿಸುವವರು ಸೇರಿ ಕಟ್ಟಿಕೊಂಡ ತಂಡ. ಅಂಗಡಿಯಿಂದ ತಂದ ಸ್ಟಿಕ್ಕು ನಾಲ್ಕೇ ನಾಲ್ಕು. ಉಳಿದವರು ಬಿದಿರಿನ ಬುಡದಲ್ಲಿ ಬೇರಿನ ಕಡೆ ಬಾಗಿದ ತುಂಡು ಕಡಿದು, ಬೆಂಕಿಗೆ ಕಾಸಿ, ಹಿಡಿಗೆ ಸೈಕಲ್ಲಿನ ಹಳೇ ಟ್ಯೂಬು ಸುತ್ತಿ ಮಾಡಿಕೊಂಡದ್ದು. ಪ್ರತಿ ಬೇಸಿಗೆ ಹಳಿಯಾಳದಲ್ಲಿ ಪಂದ್ಯಾವಳಿ. ಬೆಳಗಾವಿ, ಹುಬ್ಬಳ್ಳಿ ಕಡೆಯ ತಂಡಗಳು ಬೂಟು, ಬಣ್ಣದ ಅಂಗಿ ಹಾಕಿಕೊಂಡು ಬರುತ್ತಿದ್ದವು. ನಾವು ಪ್ರತಿ ವರ್ಷ ಹೋಗುತ್ತಿದ್ದೆವು, ಪ್ರತಿ ವರ್ಷ ಮೊದಲನೇ ಪಂದ್ಯದಲ್ಲೇ ಸೋತು ಅದೇ ಸಂಜೆಯ ಬಸ್ಸಿಗೆ ವಾಪಸ್ಸು. "ಬಂದ್ರಪಾ ಬಿದಿರಿನ ಮಂದಿ, ಸಂಜೀ ಬಸ್ಸಿನ್ಯಾಗ ಜಾಗಾ ಹಿಡದಿಟ್ಟೇರಿಲ್ಲೋ" ಎಂದು ಹಳಿಯಾಳದವರು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗೆಲ್ಲುವ ತಂಡದ ಬೆನ್ನಿಗೆ ನಿಲ್ಲಲು ಯಾವನಿಗಾದರೂ ಬರುತ್ತದೆ. ಸೋಲುವವರನ್ನು ಒಮ್ಮೆ ಹಚ್ಚಿಕೊಂಡರೆ ಮಾತ್ರ ಬಿಡಿಸಿಕೊಳ್ಳಲು ಆಗುವುದಿಲ್ಲ.

ನಾನು ಆಡುತ್ತಿದ್ದದ್ದು ಲೆಫ್ಟ್ ಔಟ್, ಎಂದರೆ ಎಡಗಡೆಯ ಅಂಚಿನಲ್ಲಿ. ಹಾಕಿ ಸ್ಟಿಕ್ಕಿಗೆ ಹೊಡೆಯುವ ಮುಖ ಒಂದೇ. ಎಡ ಅಂಚಿನಿಂದ ಚೆಂಡನ್ನು ನಡುವಿಗೆ ಕಳಿಸಬೇಕಾದರೆ ಓಡುತ್ತಲೇ ಸೊಂಟ ತಿರುವಬೇಕು. ಆ ಜಾಗ ಯಾರಿಗೂ ಬೇಡವಾಗಿತ್ತು. ಹಾಗಾಗಿ ಎಲ್ಲರಿಗಿಂತ ಕಚ್ಚಾ ಇದ್ದ ನನಗೆ ಸಿಕ್ಕಿತ್ತು. ಪಂದ್ಯಾವಳಿಯ ಅರ್ಜಿ ಇಂಗ್ಲಿಷಿನಲ್ಲಿ ತುಂಬಿ ಕೊಡಲು ಒಬ್ಬ ಬೇಕಿತ್ತು ಎಂಬುದೂ ಒಂದು ಕಾರಣ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೇ.

ನಮ್ಮ ಕ್ಯಾಪ್ಟನ್ನರು ಲಾರಿ ರಿಪೇರಿಯ ಮಿಸ್ತ್ರಿ. ವಯಸ್ಸು ಮೂವತ್ತೈದರ ಮೇಲೆ, ಗಡ್ಡಕ್ಕೆ ಯಾವಾಗಲೂ ಗ್ರೀಸಿನ ವಾಸನೆ. ಗ್ಯಾರೇಜಿನಲ್ಲಿ ಎಲ್ಲರೂ ಅವರನ್ನು ಉಸ್ತಾದ ಎನ್ನುತ್ತಿದ್ದರು, ಗ್ರೌಂಡಿನಲ್ಲಿ ನಾವೂ ಅದನ್ನೇ ಅನ್ನುತ್ತಿದ್ದೆವು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವರು. ನಾನು ಕಾಲೇಜಿಗೆ ಸೇರಿದಂದಿನಿಂದ ನನ್ನ ಓದಿನ ಬಗ್ಗೆ ನನ್ನಪ್ಪನಿಗಿಂತ ಅವರಿಗೇ ಹೆಚ್ಚು ಪಂಚಾಯಿತಿ. "ನಮ್ಮ ಟೀಮಿನ್ಯಾಗ ಒಬ್ಬ ಬಿ.ಎ. ಇದ್ದಾನ ಅಂತ ನಾ ಒಮ್ಮೆ ಹಳಿಯಾಳದಾಗ ಹೇಳಬೇಕೋ ತಮ್ಮಾ. ಆಮ್ಯಾಲ ಅವರು ಎಷ್ಟ ಗೋಲ ಹೊಡದ್ರೂ ಹೊಡೀಲಿ" ಎನ್ನುತ್ತಿದ್ದರು. ನಗೆಯಾಡಿದಂತೆ ಹೇಳುತ್ತಿದ್ದರು, ಆದರೆ ನಗೆಯಲ್ಲವೆಂದು ನನಗೆ ಗೊತ್ತಿತ್ತು. ನಮ್ಮ ಓಣಿಯಲ್ಲಿ ಅಲ್ಲಿಯವರೆಗೆ ಬಿ.ಎ. ಆದವರು ಯಾರೂ ಇರಲಿಲ್ಲ.

ಆ ವರ್ಷ ಏನಾಯಿತೋ, ನಾವು ಗೆದ್ದೆವು. ಮೊದಲನೇ ಪಂದ್ಯದಲ್ಲಿ ಎದುರಿನವರು ಸಮಯಕ್ಕೆ ಬರಲೇ ಇಲ್ಲ. ಎರಡನೆಯದರಲ್ಲಿ ನಮ್ಮ ಗೋಲ್‌ಕೀಪರ ಕಾಕಾ ಮೈಮೇಲೆ ದೇವರು ಬಂದವನಂತೆ ನಿಂತ. ಕಾಕಾ ಬಿದಿರು ಇಳಿಸುವವರಲ್ಲಿ ಹಿರಿಯ, ಬೆಳಗಾವಿ ಜಿಲ್ಲೆಯಿಂದ ಬಂದವನು, ಬಾಗಿಲು ತುಂಬುವ ಆಳು. ಗೋಣಿತಾಟಿನೊಳಗೆ ಅರಳೆ ತುಂಬಿ ಕಾಲಿಗೆ ಕಟ್ಟಿಕೊಂಡು ಹದಿನೇಳು ಹೊಡೆತ ತಡೆದ. ಎಣಿಸಿದವನು ನಾನೇ. ಒಂದು–ಸೊನ್ನೆ. ನಾವು ಸೆಮಿಫೈನಲ್ಲಿಗೆ ಬಂದಿದ್ದೆವು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿ ನಗುತ್ತ ಕೂತಿದ್ದೆವು.

ಸೆಮಿಫೈನಲ್ಲಿನ ತಾರೀಖು ಗೊತ್ತಾಯಿತು. ನನ್ನ ಕೊನೆಯ ಪೇಪರು, ಅರ್ಥಶಾಸ್ತ್ರ, ಅದೇ ದಿನ. ಪರೀಕ್ಷೆ ಧಾರವಾಡದಲ್ಲಿ ಹನ್ನೊಂದರಿಂದ ಎರಡು. ಪಂದ್ಯ ಹಳಿಯಾಳದಲ್ಲಿ ಮೂರೂವರೆಗೆ. ನಡುವೆ ಹೊರಡುವ ಬಸ್ಸು ಒಂದೂವರೆಯದು, ಅದು ಬಿಟ್ಟರೆ ನಾಲ್ಕರದು. ಕೊಟ್ಟ ಹನ್ನೊಂದು ಹೆಸರಿನ ಹೊರತು ಬೇರೆಯವರನ್ನು ಇಳಿಸುವಂತಿಲ್ಲ ಎಂಬುದು ಪಂದ್ಯಾವಳಿಯ ನಿಯಮ. ಉಸ್ತಾದರು ಹಳಿಯಾಳಕ್ಕೆ ಎರಡು ಸಲ ಹೋಗಿ ತಾರೀಖು ಬದಲಿಸಲು ಕೇಳಿ ಬಂದರು. ಆಗಲಿಲ್ಲ. ಮೂರನೇ ದಿನ ಗ್ರೌಂಡಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು.

"ನಾವು ಹತ್ತು ಮಂದಿ ಆಡ್ತೇವಿ. ನೀ ಪೇಪರಿಗೆ ಹೋಗು."

"ಉಸ್ತಾದ್ರ, ಹತ್ತು ಮಂದಿ ಹೆಂಗ ಆಡ್ತೀರಿ? ಹನ್ನೊಂದು ಮಂದಿ ಇದ್ದಾಗನ ನಮ್ಮ ಹಣೇಬಾರ ಹಿಂಗೈತಿ."

"ಅದು ನನಗ ಬಿಡು. ಪೂರಾ ಪೇಪರ ಬರೀಬೇಕು. ಅರ್ಧಕ್ಕ ಎದ್ದು ಬಂದಿ ಅಂದ್ರ ಗ್ರೌಂಡಿಗೆ ಕಾಲಿಡಾಕ ಬಿಡೂದಿಲ್ಲ ಮತ್ತ. ಬರದ ಮ್ಯಾಲ ಬರೂದಾದ್ರ ಬಾ, ಆಟ ಮುಗದಿದ್ರ ಚಹಾ ಕುಡಿಯೂಣು."

ನಾನು ಹೂಂ ಎಂದೆ. ಪಕ್ಕದಲ್ಲಿ ನಿಂತಿದ್ದ ಕಾಕಾ ನನ್ನ ಬೆನ್ನಿಗೆ ಒಂದು ಗುದ್ದಿದ. ಅದು ಪ್ರೀತಿಯ ಗುದ್ದು, ಎರಡು ದಿನ ನೋವಿತ್ತು.

ಧಾರವಾಡದ ಕೋಣೆಯಲ್ಲಿ ಕಳೆದ ಆ ಹತ್ತು ದಿನ ನೆನೆಸಿಕೊಂಡರೆ ಈಗಲೂ ಚಡಪಡಿಕೆಯಾಗುತ್ತದೆ. ಬೇಡಿಕೆ, ಪೂರೈಕೆ ಎಂದು ಓದುತ್ತ ಗೆರೆ ಎಳೆದರೆ ಅದು ಗ್ರೌಂಡಿನ ಗೆರೆಯಾಗುತ್ತಿತ್ತು. ಮೊದಲಿನ ಪೇಪರುಗಳನ್ನು ಹೇಗೋ ಬರೆದು ಮುಗಿಸಿದೆ. ಕೊನೆಯ ದಿನ ಬಂತು, ಪಂದ್ಯದ ದಿನ. ಸಂಬಂಧಿಕರ ಮದುವೆ ತಪ್ಪಿಸಿಕೊಂಡಿದ್ದರೂ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ, ಖರೇ ಹೇಳುತ್ತೇನೆ.

ಐದು ಪ್ರಶ್ನೆ ಬರೆಯಬೇಕು. ಮೊದಲನೆಯದು ಬರೆದೆ, ಚೆನ್ನಾಗಿಯೇ ಬರೆದೆ. ಎರಡನೆಯದಕ್ಕೆ ಬಂದಾಗ ನನ್ನ ಕಾಲು ಕುಣಿಯುವುದಕ್ಕೆ ಮುಂದಿನ ಬೆಂಚಿನವ ತಿರುಗಿ ದುರುಗುಟ್ಟಿ ನೋಡಿದ. ಮೂರನೆಯದನ್ನು ಗೀಚಿದೆ, ಗೀಚಿದೆ ಎಂದೇ ಹೇಳಬೇಕು. ಹನ್ನೆರಡೂ ಮುಕ್ಕಾಲಿಗೆ ನಮ್ಮವರು ದಾಂಡೇಲಿ ಬಿಟ್ಟಿರುತ್ತಾರೆ ಎಂದುಕೊಂಡೆ. ಆಮೇಲೆ ತಲೆಯಲ್ಲಿ ಉಳಿದದ್ದು ಅದೊಂದೇ. ಎಡಗಡೆ ಯಾರೂ ಇಲ್ಲ. ಎದುರಿನವರಿಗೆ ಅದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ, ಗೊತ್ತಾದರೆ ಎಲ್ಲರೂ ಆ ಕಡೆಯಿಂದಲೇ ನುಗ್ಗುತ್ತಾರೆ. ನಾಲ್ಕನೇ ಪ್ರಶ್ನೆಗೆ ಅರ್ಧ ಪುಟ ಬರೆದಿದ್ದೆ. ಒಂದು ಹೊಡೆಯಿತು. ಎದ್ದುಬಿಟ್ಟೆ.

"ಇನ್ನೂ ಒಂದು ತಾಸು ಇದೆಯಲ್ಲ" ಎಂದರು ಪರೀಕ್ಷೆ ನೋಡಿಕೊಳ್ಳುವ ಮಾಸ್ತರರು. ಮುಗಿಯಿತು ಸಾರ್ ಎಂದೆ. ಅವರು ಹಾಳೆ ತಿರುವಿ ನೋಡಿ ನನ್ನ ಮುಖ ನೋಡಿದರು. ಆ ಮುಖ ನೆನಪಾದರೆ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಮೂರು ಉತ್ತರದಲ್ಲಿ ಪಾಸಾಗಬಹುದು ಎಂದು ಬಸ್‌ಸ್ಟ್ಯಾಂಡಿನವರೆಗೂ ಲೆಕ್ಕ ಹಾಕುತ್ತ ಓಡಿದೆ. ಕತ್ತೆಯಂಥವನು ನಾನು.

ಅಷ್ಟು ಮಾಡಿ ಹತ್ತಿದ ಬಸ್ಸು ದಾರಿಯಲ್ಲಿ ಇಂಜಿನ್ನು ಕಾದು ನಿಂತಿತು. ಕ್ಲೀನರ ಡಬ್ಬಿ ಹಿಡಿದು ಕೆರೆಗೆ ಇಳಿದ. ತಿರುಗಿ ಬರುವಾಗ ಯಾರೊಂದಿಗೋ ಮಾತಾಡುತ್ತ ನಿಂತ. ನಾನು ಬಸ್ಸಿನಿಂದ ಇಳಿದು, ಹತ್ತಿ, ಮತ್ತೆ ಇಳಿದೆ. ಪಕ್ಕದ ಅಜ್ಜಿ "ಹೊಟ್ಟಿ ಕೆಟ್ಟೈತೇನ ಮಗಾ?" ಎಂದು ಕೇಳಿದಳು. ಹಳಿಯಾಳ ಮುಟ್ಟಿ ಗ್ರೌಂಡಿಗೆ ಓಡಿದಾಗ ಅರ್ಧ ಆಟ ಮುಗಿದು, ನಮ್ಮವರು ನಿಂಬೆಹಣ್ಣು ಚೀಪುತ್ತ ಕೂತಿದ್ದರು. ಒಂದು ಗೋಲು ಹಿಂದಿದ್ದೆವು. ಕಾಕಾನ ಗಲ್ಲ ಬಾತಿತ್ತು. ಹತ್ತೂ ಮಂದಿಯ ಮೈಯಲ್ಲಿ ಒಣಗಿದ ಜಾಗವೇ ಇರಲಿಲ್ಲ.

ಉಸ್ತಾದರು ನನ್ನನ್ನು ನೋಡಿ ಎದ್ದು ನಿಂತರು. "ಪೂರಾ ಬರದಿ?"

"ಪೂರಾ ಬರದೆ, ಉಸ್ತಾದ್ರ."

"ಎರಡಕ್ಕ ಬಿಟ್ರ ಇಷ್ಟರಾಗ ಹೆಂಗ ಬಂದಿ?"

"ಒಂದು ಲಾರಿ ಸಿಕ್ತುರೀ."

ಆ ದಾರಿಯ ಒಂದೊಂದು ಲಾರಿಯ ಹೊಟ್ಟೆಯೊಳಗಿನದೂ ಅವರಿಗೆ ಗೊತ್ತು. ಯಾವ ಲಾರಿ, ಯಾರ ಲಾರಿ ಎಂದು ಒಂದು ಮಾತು ಕೇಳಿದ್ದರೆ ನಾನು ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಕೇಳಲಿಲ್ಲ. ಅಂಪೈರನ ಹತ್ತಿರ ಹೋಗಿ ನಮ್ಮ ಹನ್ನೊಂದನೆಯವ ಬಂದಾನ ಎಂದು ಹೇಳಿ ಬಂದರು. ನಾನು ಪರೀಕ್ಷೆಯ ಪ್ಯಾಂಟಿನಲ್ಲೇ, ಮೊಣಕಾಲಿನವರೆಗೆ ಮಡಚಿಕೊಂಡು ಇಳಿದೆ.

ಆಟ ಹೇಗಾಯಿತೆಂದರೆ, ಎಡಗಡೆ ಖಾಲಿ ಎಂದೇ ತಿಳಿದಿದ್ದ ಎದುರಿನವರಿಗೆ ನಾನು ಒಮ್ಮೆ ಕಾಣಲೇ ಇಲ್ಲ. ಓಡಿ, ಸೊಂಟ ತಿರುವಿ ಚೆಂಡನ್ನು ನಡುವಿಗೆ ಕಳಿಸಿದೆ, ಉಸ್ತಾದರು ಗೋಲು ಹೊಡೆದರು. ಒಂದು–ಒಂದು. ಗ್ರೌಂಡಿನ ಸುತ್ತ ನಿಂತು ನಮ್ಮನ್ನು ನೋಡಿ ನಗುತ್ತಿದ್ದ ಮಂದಿಯೇ ಶಿಳ್ಳೆ ಹಾಕಿದರು. ಕೊನೆಯ ಎರಡು ನಿಮಿಷದಲ್ಲಿ ಎದುರಿನವರು ಮತ್ತೊಂದು ಹೊಡೆದು ಗೆದ್ದರು. ಸೋತೆವು. ಆದರೆ ಸೋತವರ ಮೋರೆ ಯಾರಿಗೂ ಇರಲಿಲ್ಲ. "ಪೇಪರೂ ಪೂರಾ ಬರದ, ಪಾಸೂ ಕೊಟ್ಟ ನಮ್ಮ ಬಿ.ಎ." ಎಂದು ಉಸ್ತಾದರು ಚಹಾದ ಅಂಗಡಿಯಲ್ಲಿ ಕಂಡಕಂಡವರಿಗೆ ಹೇಳಿದರು. ನಾನು ಕಪ್ಪಿನಿಂದ ಮುಖ ಎತ್ತಲಿಲ್ಲ. ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಪಾಸಾಗಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ.

ಆಮೇಲಿನ ಒಂದೂವರೆ ತಿಂಗಳು ನನ್ನ ಪಾಡು ನನಗೇ ಗೊತ್ತು. ಮನೆಯಲ್ಲಿ ಕೂಡ್ರಲಾರೆ, ಗ್ರೌಂಡಿನಲ್ಲಿ ನಿಲ್ಲಲಾರೆ. ಜೂನಿನಲ್ಲಿ ಫಲಿತಾಂಶ ಪೇಪರಿನಲ್ಲಿ ಬಂತು. ಆಗ ಹೆಸರಿಲ್ಲ, ಬರೀ ನಂಬರುಗಳು. ಅಪ್ಪ ಬೆಳಗಿನ ಪಾಳಿ ಮುಗಿಸಿ, ಮೈಗೆ ಅಂಟಿದ್ದ ಬಿದಿರಿನ ಹೊಟ್ಟನ್ನೂ ಕೊಡವದೆ, ಪೇಪರನ್ನು ನೆಲದ ಮೇಲೆ ಹಾಸಿ ನಂಬರಿನ ಸಾಲುಗಳ ಮೇಲೆ ಬೆರಳು ಎಳೆಯುತ್ತ ಹೋದ. ಒಂದು ಸಲ, ಎರಡು ಸಲ, ಮೂರನೇ ಸಲ. "ಛಾಪಿಸೂದ್ರಾಗ ಬಿಟ್ಟಾರೇನೋ" ಎಂದ. ನನ್ನ ಕಡೆ ನೋಡಲಿಲ್ಲ. ಎರಡು ದಿನಕ್ಕೆ ಕಾಲೇಜಿನಿಂದ ಅಂಕಗಳೂ ಬಂದವು. ಉಳಿದದ್ದರಲ್ಲೆಲ್ಲ ಪಾಸು, ಅರ್ಥಶಾಸ್ತ್ರದಲ್ಲಿ ನಪಾಸು.

ಉಸ್ತಾದರು ಅವತ್ತು ಸಂಜೆ ನಮ್ಮ ಮನೆಗೆ ಬಂದು, ಅಪ್ಪನ ಎದುರಿಗೆ ಒಂದೇ ಮಾತು ಹಿಡಿದು ಕೂತರು. "ಪೂರಾ ಬರದಾನರೀ ಅಂವ. ಬರದು ಬಂದ ಮ್ಯಾಲನ ನಾ ಆಡಾಕ ಇಳಿಸಿದ್ದು. ಪೇಪರ ನೋಡಿದವರು ತಪ್ಪು ಮಾಡ್ಯಾರ. ನೀವು ಹೆದರಬ್ಯಾಡ್ರಿ." ಅಪ್ಪನ ಮುಖದಲ್ಲಿ ಒಂದಿಷ್ಟು ಜೀವ ಬಂತು. ನಾನು ನೀರು ತರುವ ನೆವ ಮಾಡಿ ಹೊರಗೆ ಹೋದವನು ಎಷ್ಟೋ ಹೊತ್ತು ಒಳಗೆ ಬರಲಿಲ್ಲ.

ಸೋಮವಾರ ಬೆಳಗ್ಗೆ ಅವರು ಗ್ಯಾರೇಜಿಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದರು. "ನಡಿ, ಧಾರವಾಡಕ್ಕ ಹೋಗೂಣು." ಏನು ಎತ್ತ ಎಂದು ಕೇಳುವುದರೊಳಗೆ ಸ್ಟೇಷನ್ನಿಗೆ ಬಂದಿದ್ದೆವು. ಧಾರವಾಡದ ದಾರಿಯಲ್ಲಿ ಅಳ್ನಾವರದವರೆಗೆ ಹೋಗುವ ಗಾಡಿ ಹೊರಡಲು ಇನ್ನೂ ಸಮಯವಿತ್ತು. ಬೆಂಚಿನ ಮೇಲೆ ಕೂತು ಅವರು ಕಿಸೆಯಿಂದ ಮಡಚಿದ ಹಾಳೆಯೊಂದನ್ನು ತೆಗೆದು ನನ್ನ ಕೈಗೆ ಕೊಟ್ಟರು.

"ಓದಿ ನೋಡು. ಡಿಪೋದ ಕಾರಕೂನ ಬರದ ಕೊಟ್ಟಾನ. ಬರೋಬ್ಬರಿ ಐತೇನು?"

ಗುಮಾಸ್ತನ ದುಂಡಗಿನ ಅಕ್ಷರದಲ್ಲಿ, ಪರೀಕ್ಷೆಯ ಸಾಹೇಬರಿಗೆ ಬರೆದ ಪತ್ರ. ಈ ಹುಡುಗ ಇಂಥ ದಿನ ಅರ್ಥಶಾಸ್ತ್ರದ ಪೇಪರನ್ನು ಪೂರ್ತಿ ಬರೆದೇ ಎದ್ದು ಬಂದಿದ್ದಾನೆ, ಅವನು ಸುಳ್ಳು ಹೇಳುವವನಲ್ಲ, ಇದಕ್ಕೆ ಅವನ ಜೊತೆ ಆಡುವ ನಾವು ಹತ್ತು ಮಂದಿ ಸಾಕ್ಷಿ. ಕೆಳಗೆ ಹತ್ತು ಸಹಿ. ಐದು ಕನ್ನಡದಲ್ಲಿ, ಮೂರು ಉರ್ದುವಿನಲ್ಲಿ, ಜೋಯಿಡಾ ಕಡೆಯ ನಮ್ಮ ರೈಟ್ ಔಟ್ ಮರಾಠಿಯಲ್ಲಿ ಮಾಡಿದ್ದೊಂದು. ಕೊನೆಗೆ ಕಾಕಾನ ಹೆಬ್ಬೆಟ್ಟು, ರೂಪಾಯಿಯಷ್ಟು ಅಗಲ.

ಅವರ್ಯಾರೂ ಆ ದಿನ ಧಾರವಾಡದ ಮುಖ ಕಂಡವರಲ್ಲ. ಪರೀಕ್ಷೆಯ ಕೋಣೆ ಹೇಗಿರುತ್ತದೆಂದೂ ಹೆಚ್ಚಿನವರಿಗೆ ಗೊತ್ತಿಲ್ಲ. ನಾನು ಹೇಳಿದೆ, ಅವರು ಸಾಕ್ಷಿ ನಿಂತರು. ಗ್ಯಾರೇಜಿನಲ್ಲಿ, ಡಿಪೋದಲ್ಲಿ ಹಾಗೆಯೇ ನಡೆಯುತ್ತಿತ್ತು. ನಮ್ಮವನ ಮೇಲೆ ಮಾತು ಬಂದರೆ ಹತ್ತು ಮಂದಿ ಹೋಗಿ ನಿಂತರೆ ಮುಗಿಯಿತು. ವಿಶ್ವವಿದ್ಯಾಲಯವೂ ಹಾಗೆಯೇ ಎಂದು ಅವರು ತಿಳಿದಿದ್ದರು. ಉಸ್ತಾದರು ಆ ಹಾಳೆ ಹಿಡಿದು ಯಾವುದೋ ಗುಮಾಸ್ತನ ಮುಂದೆ ನಿಲ್ಲುವುದು, ಅವನು ನನ್ನ ಖಾಲಿ ಪುಟಗಳನ್ನು ತೆಗೆದು ತೋರಿಸುವುದು ನನ್ನ ಕಣ್ಣಿಗೆ ಕಟ್ಟಿತು.

"ಉಸ್ತಾದ್ರ, ನಾ ಪೂರಾ ಬರದಿಲ್ಲ" ಎಂದೆ. "ಒಂದು ತಾಸು ಮೊದಲ ಎದ್ದು ಬಂದೆ. ಲಾರಿ ಅಲ್ಲ, ಬಸ್ಸಿಗೆ ಬಂದೆ."

ಅವರು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಗಾಡಿ ಸಿಳ್ಳೆ ಹಾಕಿತು, ಹೊರಟಿತು, ಹೋಯಿತು. ನಾವಿಬ್ಬರೂ ಕೂತೇ ಇದ್ದೆವು. ಅವರು ಕಿಸೆಯಿಂದ ಪೆನ್ಸಿಲು ತೆಗೆದು, ಹಾಳೆಯನ್ನು ತೊಡೆಯ ಮೇಲಿಟ್ಟು, ತಮ್ಮ ಸಹಿಯ ಮೇಲೆ ಒಂದು ಗೆರೆ ಎಳೆದರು.

"ಹತ್ತು ಮಂದಿ ಕಡೆ ಸುಳ್ಳಿಗೆ ಸಹಿ ಮಾಡಿಸಿದಿ" ಎಂದರು. "ನಂದು ಹೊಡದೇನಿ. ಉಳದ ಒಂಬತ್ತು ಮಂದಿ ಹಂತೇಕ ನೀ ಹೋಗು. ನಿನ್ನ ಬಾಯಿಲೆ ಹೇಳಿ ಹೊಡಿಸಿಕೊಂಡು ಬಾ."

ಹೋದೆ. ಅಷ್ಟು ಉದ್ದದ ದಿನವನ್ನು ನಾನು ಮತ್ತೆ ಕಂಡಿಲ್ಲ. ಒಬ್ಬ ಲಾರಿಯ ಕೆಳಗೆ ಮಲಗಿದ್ದವನು ಹೊರಗೇ ಬರಲಿಲ್ಲ, ಕೈ ಚಾಚಿ ಗೆರೆ ಎಳೆದು ಹಾಳೆ ಹಿಂದಕ್ಕೆ ಕೊಟ್ಟ. ಒಬ್ಬ ಎಲ್ಲರೂ ಕೇಳುವಂತೆ ಬೈದ. ಒಬ್ಬ ನಕ್ಕ, ಆ ನಗೆ ಬೈಗುಳಕ್ಕಿಂತ ಕೆಟ್ಟದಾಗಿತ್ತು. ರೈಟ್ ಔಟ್ ಮಾತ್ರ ಮೆಲ್ಲಗೆ, "ನಾವು ಹತ್ತು ಮಂದಿ ಆಡಿ ಸೋತಿದ್ರ ಏನಾಗ್ತಿತ್ತು? ಸೋಲು ನಮಗೇನು ಹೊಸದಿತ್ತೇನು?" ಎಂದು ಕೇಳಿದ. ಬಿಸಿಲಿನಲ್ಲಿ ಓಣಿಯಿಂದ ಓಣಿಗೆ ತಿರುಗಿ ತಿರುಗಿ ಎಂಟು ಸಹಿ ಮುಗಿಸಿದೆ.

ಕಾಕಾ ಕೊನೆಯವನು. ಬಿದಿರಿನ ರಾಶಿಯ ನೆರಳಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ಎಲ್ಲ ಹೇಳಿದೆ. ಅವನು ರೊಟ್ಟಿ ಅಗಿಯುವುದನ್ನು ನಿಲ್ಲಿಸಲಿಲ್ಲ. ಪೆನ್ಸಿಲು ಕೊಟ್ಟರೆ, ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ತಿರುಗಿಸಿ ನೋಡಿ ನನಗೇ ವಾಪಸ್ಸು ಕೊಟ್ಟ.

"ಹೆಬ್ಬಟ್ಟು ಹೆಂಗ ಹೊಡದ ಹಾಕೂದೋ? ನನಗ ಬರೂದಿಲ್ಲ. ಅದು ಇರಲಿ ಬಿಡು. ಮತ್ತೊಮ್ಮೆ ಕೂಡ್ತಿಯಲ್ಲ ಪರೀಕ್ಷಾಕ್ಕ, ಆಗ ಪೂರಾ ಬರಿ. ನಂದು ಖರೇ ಆಗತೈತಿ."

ನಪಾಸಾದ ದಿನ ಬಾರದ ಅಳು ನನಗೆ ಅಲ್ಲಿ ಬಂತು. ಅವನು ಅರ್ಧ ರೊಟ್ಟಿ ಮುರಿದು ಪಲ್ಯ ಹಾಕಿ ನನ್ನ ಕೈಗಿಟ್ಟು, "ಉಣ್ಣು, ಮುಂಜಾನಿಂದ ತಿರಗಾಕತ್ತಿದಿ" ಎಂದ.

ಸಂಜೆ ಹಾಳೆಯನ್ನು ಉಸ್ತಾದರ ಕೈಗೆ ಕೊಟ್ಟು ಬಂದವನು ಅಕ್ಟೋಬರಿನವರೆಗೆ ಗ್ರೌಂಡಿಗೆ ಹೋಗಲಿಲ್ಲ. ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ, ನನಗೇ ಮುಖವಿರಲಿಲ್ಲ. ಮತ್ತೆ ಪರೀಕ್ಷೆಗೆ ಕೂತೆ, ಐದೂ ಪ್ರಶ್ನೆ ಬರೆದೆ, ಎರಡು ಹೊಡೆದ ಮೇಲೂ ಬರೆಯುತ್ತಿದ್ದ ನನ್ನ ಕೈಯಿಂದ ಹಾಳೆ ಕಿತ್ತುಕೊಳ್ಳಬೇಕಾಯಿತು. ಮಾರನೇ ದಿನ ದಾಂಡೇಲಿಗೆ ಬಂದವನು ಮನೆಗೂ ಹೋಗದೆ ಗ್ಯಾರೇಜಿಗೆ ಹೋದೆ. ಉಸ್ತಾದರು ಇಂಜಿನ್ನಿನಲ್ಲಿ ತಲೆ ಹಾಕಿದ್ದರು.

"ಐದೂ ಬರದೆ, ಉಸ್ತಾದ್ರ" ಎಂದೆ. ನನ್ನ ದನಿ ನನಗೇ ಸುಳ್ಳಿನಂತೆ ಕೇಳಿಸಿತು.

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಕೈ ಒರೆಸಿಕೊಂಡು ಒಳಗೆ ಹೋಗಿ, ಹತಾರಗಳ ಪೆಟ್ಟಿಗೆಯ ತಳದಿಂದ ಆ ಹಾಳೆಯನ್ನು ತಂದರು. ನಾಲ್ಕು ತಿಂಗಳು ಅದನ್ನು ಇಟ್ಟುಕೊಂಡಿದ್ದರೆಂದು ನನಗೆ ಗೊತ್ತಿರಲಿಲ್ಲ. ಲಾರಿಯ ಮಡ್‌ಗಾರ್ಡಿನ ಮೇಲೆ ಹರವಿ, ಹೊಡೆದು ಹಾಕಿದ ತಮ್ಮ ಸಹಿಯ ಕೆಳಗೆ, ಬಲಗಡೆಯಿಂದ, ಉರ್ದುವಿನಲ್ಲಿ, ಮತ್ತೊಂದು ಸಹಿ ಮಾಡಲು ಶುರು ಮಾಡಿದರು.

"ರಿಜಲ್ಟ್ ಬರಲಿ ಉಸ್ತಾದ್ರ. ಪಾಸಾದ ಮ್ಯಾಲ ಮಾಡ್ರಿ" ಎಂದೆ.

"ರಿಜಲ್ಟ್ ನೋಡಿ ಸಹಿ ಮಾಡಾಕ ನಾ ಏನು ಕಾರಕೂನ ಏನು?" ಎಂದು ಸಹಿ ಮುಗಿಸಿ, ಹಾಳೆಯನ್ನು ನನ್ನ ಕೈಗೆ ಕೊಟ್ಟು ಮತ್ತೆ ಇಂಜಿನ್ನಿಗೆ ತಲೆ ಹಾಕಿದರು.